ತುಡುವೆ ಜೇನು ಪಾಲಾಗುವುದನ್ನು ತಡೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿ ಇಳಿದು ಬಿಸಿಲು ಏರುತ್ತಿದ್ದಂತೆ ಜೇನು ಸಾಕುವವರಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ. "ಪೆಟ್ಟಿಗೆ ತುಂಬ ನೊಣ ಇತ್ತು. ಈ ಸಲ ಒಳ್ಳೆ ಜೇನು ಸಿಗುತ್ತದೆ ಅಂದುಕೊಂಡಿದ್ದೆ. ನಿನ್ನೆ ನೋಡುತ್ತಿದ್ದಂತೆ ಅರ್ಧಕ್ಕರ್ಧ ಎದ್ದು ಹೋಯಿತು." ಹೀಗೆ ಕುಟುಂಬ ಒಡೆದು ಒಂದು ಭಾಗ ಹೊರಟು ಹೋಗುವುದನ್ನೇ ಪಾಲಾಗುವುದು ಎನ್ನುತ್ತೇವೆ. ಕರಾವಳಿ, ಮಲೆನಾಡು, ಕೊಡಗಿನಲ್ಲಿ ಮರದ ಪೆಟ್ಟಿಗೆಯಲ್ಲಿ ನಮ್ಮ ನಾಡಿನ ತುಡುವೆ ಜೇನು ಸಾಕುವವರನ್ನು ಮನಸ್ಸಿನಲ್ಲಿಟ್ಟು ಈ ಉತ್ತರಗಳನ್ನು ಬರೆದಿದ್ದೇನೆ. ಹೊರದೇಶದಿಂದ ತಂದು ಸಾಕುವ ಇಟಾಲಿಯನ್ ಜೇನಿನ ಕುರಿತು ಕೊನೆಯ ಕಡೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಪಾಲಾಗುವುದು ಒಂದು ರೋಗವೇ?

ಅಲ್ಲ. ಅದು ಗಟ್ಟಿಮುಟ್ಟಾದ ಕುಟುಂಬದ ಲಕ್ಷಣ. ನೊಣ ಒಂದೊಂದಾಗಿ ಹುಟ್ಟಿದರೆ ಕುಟುಂಬ ದೊಡ್ಡದಾಗುತ್ತದೆ, ಅಷ್ಟೇ. ಕುಟುಂಬದಿಂದ ಇನ್ನೊಂದು ಕುಟುಂಬ ಹುಟ್ಟಬೇಕಾದರೆ ಪಾಲಾಗಲೇಬೇಕು. ಹಳೆಯ ರಾಣಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕೆಲಸಗಾರ ನೊಣಗಳನ್ನು ಕರೆದುಕೊಂಡು ಹೊರಡುತ್ತದೆ. ಮೇಣದಲ್ಲಿ ಕಟ್ಟಿದ ಎರಿ, ಮೊಟ್ಟೆ-ಮರಿ, ಉಳಿದ ನೊಣಗಳು, ಹೊಸ ರಾಣಿ ಬೆಳೆಯುತ್ತಿರುವ ಕೋಶಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಲಕ್ಷಾಂತರ ವರ್ಷಗಳಿಂದ ಬಂದ ಈ ಸ್ವಭಾವವನ್ನು ನಾವು ಒಂದು ಗೇಟು ಹಾಕಿ ನಿಲ್ಲಿಸಲು ಆಗದು. ನಮ್ಮ ಕೈಯಲ್ಲಿ ಇರುವುದು ಎರಡೇ: ಪಾಲಾಗುವ ಆಸೆ ಹುಟ್ಟುವುದನ್ನು ಮುಂದೂಡುವುದು, ಹುಟ್ಟಿದ್ದು ಗೊತ್ತಾದ ಮೇಲೆ ಅವು ಹೊರಡುವ ಮುಂಚೆ ನಾವೇ ಪಾಲು ಮಾಡಿಬಿಡುವುದು. ಮೂರನೆಯ ದಾರಿಯನ್ನು ಹುಡುಕಿಕೊಂಡು ಹೋದವರು ಸಾಮಾನ್ಯವಾಗಿ ಕುಟುಂಬವನ್ನೇ ಕಳೆದುಕೊಳ್ಳುತ್ತಾರೆ.

ಪಾಲಾದರೆ ನಷ್ಟವೇನು? ಅರ್ಧ ನೊಣ ಉಳಿದಿರುತ್ತದಲ್ಲ?

ಲೆಕ್ಕ ಹಾಕಿ ನೋಡಿ. ಮೊದಲ ರಾಣಿ ಕೋಶದ ಬಾಯಿಗೆ ನೊಣಗಳು ಮೇಣ ಮೆತ್ತಿ ಮುಚ್ಚಳ ಬಿದ್ದ ಹೊತ್ತಿಗೆ ಪಾಲು ಹೊರಡುತ್ತದೆ. ಅಲ್ಲಿಂದ ಹೊಸ ರಾಣಿ ಹೊರಬರಲು ಸುಮಾರು ಒಂದು ವಾರ. ರೆಕ್ಕೆ ಬಲಿತು, ಗಂಡು ನೊಣಗಳೊಂದಿಗೆ ಕೂಡಿ ಬರಲು ಇನ್ನೊಂದು ವಾರ. ಮೊಟ್ಟೆ ಇಡಲು ಮತ್ತೆ ಮೂರು-ನಾಲ್ಕು ದಿನ. ಆ ಮೊಟ್ಟೆ ಕೆಲಸಗಾರ ನೊಣವಾಗಿ ಹೊರಬರಲು ಮೂರು ವಾರದ ಹತ್ತಿರ. ಹುಟ್ಟಿದ ನೊಣ ಮೊದಲು ಒಳಗಿನ ಕೆಲಸ ಮಾಡುತ್ತದೆ, ಹೂವಿಗೆ ಹೋಗುವುದು ಮತ್ತೆ ಎರಡು-ಮೂರು ವಾರ ಕಳೆದ ಮೇಲೆ. ಒಟ್ಟು ಎರಡು ತಿಂಗಳ ಹತ್ತಿರ ಆಯಿತು. ನಮ್ಮಲ್ಲಿ ಜೇನಿನ ಸುಗ್ಗಿ ಇರುವುದೇ ಅಷ್ಟು. ಕಾಫಿಯ ಹೂವಂತೂ ಕೆಲವೇ ದಿನದ್ದು.

ಮೊದಲ ಪಾಲಿನ ಹಿಂದೆ, ಇನ್ನೂ ಗಂಡಿನೊಂದಿಗೆ ಕೂಡದ ಕನ್ಯೆ ರಾಣಿಗಳ ಜೊತೆ ಎರಡನೆಯದು, ಮೂರನೆಯದು ಹೊರಡುವುದೂ ಉಂಟು. ಹಾಗಾದರೆ ಕೊನೆಗೆ ಎರಿಯನ್ನು ಮುಚ್ಚುವಷ್ಟೂ ನೊಣ ಉಳಿಯುವುದಿಲ್ಲ, ಮೇಣದ ಹುಳು ನುಗ್ಗುತ್ತದೆ. ನಿಜವಾದ ನಷ್ಟ ಇದು.

ನಮ್ಮಲ್ಲಿ ಪಾಲಾಗುವುದು ಯಾವಾಗ? ವಸಂತದಲ್ಲಿ ಮಾತ್ರವೇ?

ಹಿಮ ಬೀಳುವ ದೇಶಗಳಲ್ಲಿ ವಸಂತವೇ ಅದರ ಕಾಲ. ನಮ್ಮಲ್ಲಿ ತಿಂಗಳಿಗಿಂತ ಹೂವು ಮುಖ್ಯ. ಮಳೆಗಾಲದಲ್ಲಿ ಕುಗ್ಗಿದ ಕುಟುಂಬ ಸೆಪ್ಟೆಂಬರ್ ಕಳೆದ ಮೇಲೆ ಹೊನಗಲು, ಅಂಟುವಾಳ, ನಾಚಿಕೆ ಮುಳ್ಳು ಹೂಬಿಟ್ಟಾಗ ಚೇತರಿಸಿಕೊಳ್ಳುತ್ತದೆ. ಬಯಲುಸೀಮೆಯ ಅಂಚಿನಲ್ಲಾದರೆ ಹುಚ್ಚೆಳ್ಳಿನ ಹೊಲ ಆ ಕೆಲಸ ಮಾಡುತ್ತದೆ. ಕರಾವಳಿಯಲ್ಲಿ ದೀಪಾವಳಿ ಆಸುಪಾಸಿಗೇ ಕೆಲವು ಕುಟುಂಬಗಳು ಪಾಲಿಗೆ ಸಜ್ಜಾಗಿರುತ್ತವೆ. ಎರಡನೆಯ ಅಲೆ ರಬ್ಬರಿನ ಹೊಸ ಚಿಗುರು, ಮಾವು, ಕಾಫಿಯ ಹೂವಿನೊಂದಿಗೆ ಫೆಬ್ರವರಿ–ಮಾರ್ಚಿನಲ್ಲಿ ಬರುತ್ತದೆ. ಜೇನಿನ ಮಟ್ಟಿಗೆ ನಮಗೆ ಹೆಚ್ಚು ನೋವು ಕೊಡುವುದು ಈ ಎರಡನೆಯದೇ, ಏಕೆಂದರೆ ಸುಗ್ಗಿಯ ಬಾಗಿಲಲ್ಲಿ ದುಡಿಯುವ ಕೈಗಳು ಹೋಗಿಬಿಡುತ್ತವೆ.

ದಿನದಲ್ಲಿ ಹೇಳುವುದಾದರೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ಬಿಸಿಲಿದ್ದಾಗ. ಎರಡು-ಮೂರು ದಿನ ಮೋಡ ಮುಸುಕಿ ನಾಲ್ಕನೆಯ ದಿನ ಬಿಸಿಲು ಬಂತೆಂದರೆ ಆ ದಿನ ಪೆಟ್ಟಿಗೆಗಳ ಕಡೆ ಒಂದು ಕಣ್ಣಿರಲಿ.

ಯಾಕೆ ಪಾಲಾಗುತ್ತವೆ?

ಒಂದೇ ಕಾರಣ ಇಲ್ಲ, ನಾಲ್ಕಾರು ಸೇರಿಕೊಳ್ಳುತ್ತವೆ. ಮೊಟ್ಟೆ-ಮರಿ ಇರುವ ಕೆಳಗಿನ ಸಂಸಾರ ಕೋಣೆಯಲ್ಲಿ ನೊಣ ಕಿಕ್ಕಿರಿದಿರುತ್ತದೆ. ರಾಣಿಗೆ ಮೊಟ್ಟೆ ಇಡಲು ಎರಿಯಲ್ಲಿ ಖಾಲಿ ಕಣ ಸಿಗುವುದಿಲ್ಲ, ಖಾಲಿಯಾದ ಕಣಕ್ಕೆಲ್ಲ ನೊಣಗಳು ಮಕರಂದ ತುಂಬಿಸಿರುತ್ತವೆ. ಎಳೆಯ ನೊಣಗಳು ಬೇಕಾದ್ದಕ್ಕಿಂತ ಹೆಚ್ಚಿದ್ದು, ಅವುಗಳಿಗೆ ಉಣಿಸಲು ಮರಿ ಸಾಲುವುದಿಲ್ಲ. ರಾಣಿ ಹಳೆಯದಾಗಿರುತ್ತದೆ.

ಇದರ ಹಿಂದೆ ಇರುವುದು ರಾಣಿಯ ವಾಸನೆ. ರಾಣಿಯ ದವಡೆಯ ಗ್ರಂಥಿಗಳಿಂದ ಹೊರಡುವ ರಾಸಾಯನಿಕವನ್ನು ಸುತ್ತಲಿನ ನೊಣಗಳು ನೆಕ್ಕಿ, ಮುಟ್ಟಿ, ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಆ ವಾಸನೆ ಎಲ್ಲರಿಗೂ ತಲುಪುತ್ತಿರುವ ತನಕ ಹೊಸ ರಾಣಿ ಕಟ್ಟುವ ಯೋಚನೆ ಬರುವುದಿಲ್ಲ. ಪೆಟ್ಟಿಗೆ ಕಿಕ್ಕಿರಿದರೆ ಅಂಚಿನ ನೊಣಗಳಿಗೆ ಅದು ಸಾಕಷ್ಟು ತಲುಪದು. ರಾಣಿಗೆ ವಯಸ್ಸಾದರೆ ವಾಸನೆಯೇ ಕಡಿಮೆ. ಜಾಗ ಕೊಡಿ, ಎಳೆಯ ರಾಣಿ ಇಟ್ಟುಕೊಳ್ಳಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಇದೆಲ್ಲದರ ಮೇಲೆ ಜಾತಿಯ ಗುಣವೂ ಇದೆ. ಇಟಾಲಿಯನ್ ಜೇನಿಗೆ ಹೋಲಿಸಿದರೆ ತುಡುವೆ ಚಿಕ್ಕ ಪೊಟರೆಯಲ್ಲಿ ಬಾಳಲು ಒಗ್ಗಿದ್ದು, ಬೇಗ ಪಾಲಾಗುತ್ತದೆ.

ಪಾಲಾಗುವ ಮುನ್ಸೂಚನೆ ಏನೇನು?

ಕ್ರಮವಾಗಿ ಬರುತ್ತವೆ, ನೋಡಲು ಕಲಿತರೆ ಎರಡು-ಮೂರು ವಾರ ಮೊದಲೇ ತಿಳಿಯುತ್ತದೆ.

ಮೊದಲು ಗಂಡು ನೊಣದ ಮರಿಗಳು. ಎರಿಯ ಕೆಳಗಿನ ಅಂಚಿನಲ್ಲಿ, ಮಾಮೂಲಿಗಿಂತ ದೊಡ್ಡ ಕಣಗಳಲ್ಲಿ ಇವು ಬೆಳೆಯುತ್ತವೆ. ತುಡುವೆಯಲ್ಲಿ ಇದನ್ನು ಗುರುತಿಸುವುದು ಬಲು ಸುಲಭ: ಮೇಲಿನ ಮೇಣವನ್ನು ನೊಣಗಳು ಕೆರೆದು ತೆಗೆದ ಮೇಲೆ ಮುಚ್ಚಳ ಶಂಕುವಿನಂತೆ ಉಬ್ಬಿ, ಅದರ ನಡುಮಧ್ಯೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಕಾಣುತ್ತದೆ. ಹೊಸಬರು ಇದನ್ನು ನೋಡಿ ರೋಗ ಬಂತೆಂದು ಗಾಬರಿಯಾಗುತ್ತಾರೆ. ರೋಗವಲ್ಲ, ತುಡುವೆಯ ಗಂಡು ಕಣ ಇರುವುದೇ ಹಾಗೆ. ಬಾಗಿಲ ಮುಂದಿನ ಹಲಗೆಯ ಮೇಲೆ ಆ ಉಬ್ಬು ಮುಚ್ಚಳಗಳು ಉದುರಿ ಬಿದ್ದಿದ್ದರೆ ಗಂಡುಗಳು ಹೊರಬರುತ್ತಿವೆ ಎಂದು ಪೆಟ್ಟಿಗೆ ಬಿಚ್ಚದೆಯೇ ತಿಳಿಯಬಹುದು.

ಆಮೇಲೆ ಎರಿಯ ತುದಿಯಲ್ಲಿ ಬಾಯಿ ಕೆಳಗಾಗಿ ಸಣ್ಣ ಬಟ್ಟಲುಗಳು ಕಾಣಿಸುತ್ತವೆ, ರಾಣಿ ಕೋಶದ ಆರಂಭ ಇದು. ಬರಿದಾದ ಬಟ್ಟಲಿಗೆ ಹೆದರಬೇಕಿಲ್ಲ, ಎಷ್ಟೋ ಕುಟುಂಬಗಳು ಕಟ್ಟಿ ಸುಮ್ಮನಿರುತ್ತವೆ. ಒಳಗೆ ಮೊಟ್ಟೆ ಬಿತ್ತೇ ಎಂಬುದು ಪ್ರಶ್ನೆ. ಮೊಟ್ಟೆ ಬಿದ್ದು ಮೂರು ದಿನಕ್ಕೆ ಮರಿ. ಮುಂದಿನ ಐದು ದಿನ ಆ ಮರಿ ನೊಣಗಳು ಉಣಿಸುವ ಬಿಳಿ ರಾಜಶಾಹಿ ರಸದಲ್ಲಿ ತೇಲುತ್ತ ಬೆಳೆಯುತ್ತದೆ, ಬಟ್ಟಲು ಉದ್ದವಾಗಿ ನೆಲಗಡಲೆ ಕಾಯಿ ನೇತುಬಿಟ್ಟ ಹಾಗೆ ಕಾಣುತ್ತದೆ. ಎಂಟನೆಯ ದಿನದ ಸುಮಾರಿಗೆ ಮುಚ್ಚಳ. ಒಟ್ಟು ಹದಿನೈದು-ಹದಿನಾರು ದಿನಕ್ಕೆ ರಾಣಿ ಹೊರಗೆ.

ಇದೇ ಹೊತ್ತಿಗೆ ಹಳೆಯ ರಾಣಿಯ ಹೊಟ್ಟೆ ಸಣ್ಣಗಾಗುತ್ತದೆ. ಹಾರಲು ಮೈ ಹಗುರವಾಗಬೇಕಲ್ಲ, ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಹೂವು ತುಂಬಿದ ದಿನವೂ ನೊಣಗಳು ಬಾಗಿಲ ಮುಂದೆ ಗೊಂಚಲಾಗಿ ಸುಮ್ಮನೆ ಕೂತಿರುತ್ತವೆ. ಬರೀ ಸೆಕೆಗೂ ಹಾಗೆ ಕೂರುವುದುಂಟು, ಆದ್ದರಿಂದ ಇದೊಂದನ್ನೇ ನಂಬಬೇಡಿ, ಎರಿಯ ಕೆಳಗೆ ನೋಡಿ ಖಾತ್ರಿ ಮಾಡಿಕೊಳ್ಳಿ.

ರಾಣಿ ಕೋಶ ಕಂಡರೆ ಪಾಲಾಗುವುದೇ ಖಂಡಿತವೇ?

ಇಲ್ಲ. ಎಲ್ಲಿದೆ, ಎಷ್ಟಿದೆ ನೋಡಿ. ಎರಿಯ ಕೆಳ ಅಂಚಿನಲ್ಲಿ ಬೇರೆ ಬೇರೆ ವಯಸ್ಸಿನ ಹಲವು ಕೋಶಗಳಿದ್ದು ಪೆಟ್ಟಿಗೆ ತುಂಬ ನೊಣವಿದ್ದರೆ ಅದು ಪಾಲಿನ ತಯಾರಿ. ಒಂದೋ ಎರಡೋ ಕೋಶವಿದ್ದು, ರಾಣಿ ಹಳೆಯದಾಗಿ, ಮೊಟ್ಟೆ ಅಲ್ಲಲ್ಲಿ ಚದುರಿದ್ದರೆ ರಾಣಿಯನ್ನು ಬದಲಿಸಿಕೊಳ್ಳುತ್ತಿವೆ ಎಂದರ್ಥ. ಅದನ್ನು ಮುಟ್ಟಬೇಡಿ, ನಿಮ್ಮ ಕೆಲಸವನ್ನು ಅವೇ ಮಾಡುತ್ತಿವೆ. ಎರಿಯ ನಡುವೆ, ಕೆಲಸಗಾರ ನೊಣದ ಕಣವನ್ನೇ ಹಿಗ್ಗಿಸಿ ಕಟ್ಟಿದ್ದರೆ ರಾಣಿ ಸತ್ತಿದೆ ಅಥವಾ ಕಳೆದುಹೋಗಿದೆ, ಅದು ತುರ್ತಿನ ಕೋಶ.

ಪೆಟ್ಟಿಗೆಯನ್ನು ಎಷ್ಟು ದಿನಕ್ಕೊಮ್ಮೆ ತೆರೆದು ನೋಡಬೇಕು?

ಪಾಲಿನ ಕಾಲದಲ್ಲಿ ವಾರಕ್ಕೊಮ್ಮೆ. ಮೇಲಿನ ಎಂಟು ದಿನದ ಲೆಕ್ಕವೇ ಇದಕ್ಕೆ ಆಧಾರ: ಈ ವಾರ ನೋಡಿ ಮುಚ್ಚಿದ ಬೆನ್ನಿಗೇ ಬಿದ್ದ ಮೊಟ್ಟೆಯೂ ಮುಂದಿನ ವಾರ ದಪ್ಪ ಮರಿಯಾಗಿ ಸಿಕ್ಕೇ ಸಿಗುತ್ತದೆ, ಮುಚ್ಚಳ ಇನ್ನೂ ಬಿದ್ದಿರುವುದಿಲ್ಲ. ಹದಿನೈದು ದಿನ ಬಿಟ್ಟರೆ ಆ ಅವಕಾಶ ಇಲ್ಲ. ಹಾಗೆಂದು ದಿನವೂ ಬಿಚ್ಚಬೇಡಿ. ತುಡುವೆಗೆ ಕಿರಿಕಿರಿ ಹೆಚ್ಚಾದರೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ.

ಜಾಗ ಕೊಡಿ ಎನ್ನುತ್ತಾರೆ. ಹೇಗೆ, ಯಾವಾಗ?

ಬೇಕಾಗುವುದಕ್ಕಿಂತ ಸ್ವಲ್ಪ ಮುಂಚೆ. ಸಂಸಾರ ಕೋಣೆಯ ಚೌಕಟ್ಟುಗಳ ಮೇಲೆಲ್ಲ ನೊಣ ಆವರಿಸಿ, ಮೇಲಿನ ಅಂಚಿನಲ್ಲಿ ಹೊಸ ಬಿಳಿ ಮೇಣ ಕಂಡಿತೆಂದರೆ ಜೇನು ಕೋಣೆ ಏರಿಸುವ ಸಮಯ. ಹೋದ ವರ್ಷದ ಕಟ್ಟಿದ ಎರಿಗಳನ್ನು ಕೆಡದಂತೆ ಇಟ್ಟಿದ್ದರೆ ಅವನ್ನೇ ಕೊಡಿ. ಬರಿ ಚೌಕಟ್ಟು ಕೊಟ್ಟರೆ ನೊಣಗಳು ಮೇಲೆ ಹತ್ತಲು ಹಿಂದೆಮುಂದೆ ನೋಡುತ್ತವೆ, ಅಷ್ಟರೊಳಗೆ ಕೆಳಗೆ ಕಿಕ್ಕಿರಿಯುತ್ತದೆ.

ಜೇನು ಕೋಣೆ ಏರಿಸಿದೆ, ಆದರೂ ಪಾಲಾಯಿತು ಎಂಬ ದೂರು ಬಹಳ. ಮೇಲೆ ಜಾಗವಿದ್ದರೂ ಕೆಳಗೆ ರಾಣಿಗೆ ಜಾಗ ಇರಲಿಲ್ಲ ಎಂಬುದೇ ಅದಕ್ಕೆ ಕಾರಣ. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ ಕಳೆದ ಶತಮಾನದ ಆರಂಭದಲ್ಲಿ ತುಡುವೆಗೆಂದೇ ರೂಪಿಸಿದ ಪೆಟ್ಟಿಗೆಯಲ್ಲಿ ಸಂಸಾರಕ್ಕೆ ಇರುವುದು ಏಳು ಚೌಕಟ್ಟು. ಅದರಲ್ಲಿ ಎರಡು ಜೇನು, ಪರಾಗದಿಂದ ತುಂಬಿದರೆ ರಾಣಿಗೆ ಉಳಿಯುವುದು ಐದು. ಸಂಸಾರ ಕೋಣೆಯ ಅಂಚಿನಲ್ಲಿ ಕಪ್ಪಾಗಿ ಹಳತಾದ ಎರಿ, ಜೇನು ತುಂಬಿ ನಿಂತ ಎರಿ ಇದ್ದರೆ ಅದನ್ನು ತೆಗೆದು, ಮೊಟ್ಟೆ-ಮರಿ ಇರುವ ಎರಿಗಳ ಪಕ್ಕದಲ್ಲಿ ಖಾಲಿ ಎರಿ ಅಥವಾ ಮೇಣದ ಹಾಳೆ ಹಚ್ಚಿದ ಚೌಕಟ್ಟು ಕೊಡಿ. ಎಳೆಯ ನೊಣಗಳಿಗೆ ಮೇಣ ಎಳೆಯುವ ಕೆಲಸ ಸಿಗುತ್ತದೆ, ರಾಣಿಗೆ ಹೊಸ ಕಣ ಸಿಗುತ್ತದೆ. ಮರಿಗಳ ಮಧ್ಯದಲ್ಲೇ ಖಾಲಿ ಚೌಕಟ್ಟು ತೂರಿಸುವುದು ತುಂಬಾ ಬಲಿಷ್ಠ ಕುಟುಂಬಕ್ಕೆ ಮಾತ್ರ. ಡಿಸೆಂಬರ್–ಜನವರಿಯ ಮಲೆನಾಡಿನ ಚಳಿ ರಾತ್ರಿಯಲ್ಲಿ ಹಾಗೆ ಮಾಡಿದರೆ ಮರಿಗೆ ಶೀತ ತಗಲುತ್ತದೆ. ಮೇಣದ ಹಾಳೆ ತರುವಾಗ ತುಡುವೆಯದ್ದೇ ಎಂದು ಕೇಳಿ ತನ್ನಿ, ಇಟಾಲಿಯನ್ ಜೇನಿನ ಹಾಳೆಯಲ್ಲಿ ಕಣದ ಅಳತೆ ದೊಡ್ಡದು.

ಮುಚ್ಚಳ ಹಾಕಿದ ಜೇನಿನ ಎರಿಗಳನ್ನು ಕಾಲಕಾಲಕ್ಕೆ ಜೇನು ತೆಗೆಯುವ ಯಂತ್ರದಲ್ಲಿ ತಿರುಗಿಸಿ, ಖಾಲಿ ಎರಿಯನ್ನು ಆ ದಿನವೇ ವಾಪಸ್ ಇಡುವುದೂ ಜಾಗ ಕೊಡುವ ಒಂದು ಬಗೆ. ಸಂಸಾರ ಕೋಣೆಯ ಜೇನನ್ನು ಮಾತ್ರ ಹಿಂಡಬೇಡಿ.

ಸಕ್ಕರೆ ಪಾಕ ಕೊಡುವುದರಿಂದ ಪಾಲಾಗುತ್ತದೆಯೇ?

ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ಟರೆ ಹೌದು. ಆಷಾಢ–ಶ್ರಾವಣದ ಜಡಿಮಳೆಯಲ್ಲಿ ಪಾಕ ಬೇಕೇ ಬೇಕು. ಹೂವು ಶುರುವಾದ ಮೇಲೂ ಅಭ್ಯಾಸಬಲದಿಂದ ಕೊಡುತ್ತ ಹೋದರೆ ಅದು ಹೋಗಿ ಸೇರುವುದು ರಾಣಿಯ ಕಣಗಳಿಗೆ. ಹಾಗೆ ಕೊಟ್ಟ ಪಾಕ ಜೇನಿನೊಂದಿಗೆ ಬೆರೆತು ನಾವು ಮಾರುವ ಬಾಟಲಿಗೂ ಬರುತ್ತದೆ. ಅದು ತಿನ್ನುವವರಿಗೆ ಮಾಡುವ ಮೋಸ.

ವಾರಕ್ಕೊಮ್ಮೆ ರಾಣಿ ಕೋಶ ಕಿತ್ತು ಬಿಸಾಡಿದರೆ ಸಾಕಲ್ಲವೇ?

ಎಲ್ಲರೂ ಮಾಡುವುದು ಇದನ್ನೇ, ಕುಟುಂಬಗಳು ಹಾಳಾಗುವುದೂ ಹೆಚ್ಚಾಗಿ ಇದರಿಂದಲೇ.

ಕೋಶ ಕಿತ್ತರೆ ಕಾರಣ ಹೋಗಲಿಲ್ಲ. ಜಾಗ ಇಲ್ಲ, ರಾಣಿ ಹಳತು ಎಂಬುದು ಹಾಗೆಯೇ ಇದೆ. ನೊಣಗಳು ಮರುದಿನದಿಂದಲೇ ಮತ್ತೆ ಕಟ್ಟುತ್ತವೆ. ಎರಿಯ ಮೂಲೆಯಲ್ಲಿ, ಚೌಕಟ್ಟಿನ ಕೋಲಿಗೆ ಅಂಟಿಕೊಂಡು, ನೊಣಗಳ ಗುಂಪಿನ ಅಡಿಯಲ್ಲಿ ಒಂದೇ ಒಂದು ಕೋಶ ಕಣ್ತಪ್ಪಿದರೂ ಪಾಲು ಹೋಗುತ್ತದೆ. ಮೊಟ್ಟೆ ಬಿದ್ದ ಕೋಶ ಮಾತ್ರ ಇರುವಾಗ, ಜಾಗ ಕೊಡುವುದರ ಜೊತೆಗೆ ಒಂದು ಸಲ ಕಿತ್ತರೆ ಕೆಲವು ಕುಟುಂಬ ತಣ್ಣಗಾಗುತ್ತವೆ. ಅಷ್ಟಕ್ಕೆ ಅದು ಸರಿ.

ಅಪಾಯ ಇರುವುದು ಮುಚ್ಚಳ ಬಿದ್ದ ಕೋಶ ಕಂಡಾಗ. ಆ ಹೊತ್ತಿಗೆ ಪಾಲು ಹೋಗಿಯೇ ಆಗಿರಬಹುದು, ನಿಮಗೆ ಗೊತ್ತಿಲ್ಲದಿರಬಹುದು. ಪೆಟ್ಟಿಗೆ ಮೊದಲಷ್ಟೇ ತುಂಬಿದಂತೆ ಕಾಣುತ್ತದೆ, ಏಕೆಂದರೆ ದಿನವೂ ಹೊಸ ನೊಣ ಹುಟ್ಟುತ್ತಿರುತ್ತದೆ. ಆಗ ಎಲ್ಲ ಕೋಶ ಕಿತ್ತಿರೋ, ಕುಟುಂಬಕ್ಕೆ ರಾಣಿಯೂ ಇಲ್ಲ, ರಾಣಿಯಾಗಬಲ್ಲ ಮರಿಯೂ ಇಲ್ಲ. ತುಡುವೆಯಲ್ಲಿ ರಾಣಿ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಕೆಲಸಗಾರ ನೊಣಗಳು ಮೊಟ್ಟೆ ಇಡತೊಡಗುತ್ತವೆ. ಅವುಗಳಿಂದ ಹುಟ್ಟುವುದೆಲ್ಲ ಗಂಡು. ಅಲ್ಲಿಗೆ ಆ ಕುಟುಂಬ ಮುಗಿಯಿತು.

ಆದ್ದರಿಂದ ಕೋಶಕ್ಕೆ ಕೈ ಹಾಕುವ ಮೊದಲು ರಾಣಿಯನ್ನು ಹುಡುಕಿ. ಸಿಗದಿದ್ದರೆ ಮೊಟ್ಟೆ ಹುಡುಕಿ. ಬಿಸಿಲು ಬೆನ್ನ ಕಡೆಯಿಂದ ಬೀಳುವಂತೆ ನಿಂತು ಎರಿಯನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಕಣದ ತಳದಲ್ಲಿ ನೆಟ್ಟಗೆ ನಿಂತ ಬಿಳಿ ಮೊಟ್ಟೆ ಕಾಣುತ್ತದೆ. ಮೊಟ್ಟೆ ಇದ್ದರೆ ಕಳೆದ ಮೂರು ದಿನದೊಳಗೆ ರಾಣಿ ಅಲ್ಲಿತ್ತು. ಮೊಟ್ಟೆಯೇ ಇಲ್ಲ, ಬರೀ ದೊಡ್ಡ ಮರಿ ಮತ್ತು ಮುಚ್ಚಿದ ಕೋಶಗಳು ಇವೆ ಎಂದರೆ ಪಾಲು ಹೋಗಿದೆ ಎಂದೇ ತಿಳಿದು, ಒಂದು ಒಳ್ಳೆಯ ಕೋಶವನ್ನಾದರೂ ಉಳಿಸಿ.

ಕ್ವೀನ್ ಗೇಟ್ ಹಾಕಿಟ್ಟರೆ ರಾಣಿ ಹೊರಗೆ ಹೋಗುವುದೇ ಇಲ್ಲವಲ್ಲ?

ಹೋಗುವುದಿಲ್ಲ ನಿಜ. ಬಾಗಿಲಿಗೆ ಹಾಕುವ ಆ ಜಾಲರಿಯಲ್ಲಿ ಕೆಲಸಗಾರ ನೊಣ ಮಾತ್ರ ನುಸುಳುತ್ತದೆ. ನೊಣಗಳು ಎದ್ದು ಹೊರಡುತ್ತವೆ, ರಾಣಿ ಬಾರದೆ ಇದ್ದಾಗ ವಾಪಸ್ ಬರುತ್ತವೆ. ಮರುದಿನ ಮತ್ತೆ ಹೊರಡುತ್ತವೆ. ದುಡಿಮೆ ನಿಂತುಹೋಗುತ್ತದೆ. ಗಂಡು ನೊಣಗಳು ಗೇಟಿನಲ್ಲಿ ಸಿಕ್ಕಿ ಸತ್ತು ಬಾಗಿಲು ಕಟ್ಟುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಳಗೆ ಹೊಸ ರಾಣಿ ಹುಟ್ಟಿದರೆ ಅದಕ್ಕೆ ಕೂಡಲು ಹೊರಗೆ ಹೋಗಲಾಗದು. ಗೇಟನ್ನು ಎರಡು ಮೂರು ದಿನದ ಮಟ್ಟಿಗೆ ಬಳಸಿ: ಹಿಡಿದು ತಂದ ಪಾಲನ್ನು ಪೆಟ್ಟಿಗೆಗೆ ತುಂಬಿದಾಗ, ಅಥವಾ ಊರಿಗೆ ಹೋಗಿ ಬರುವ ತನಕ. ಇಟಾಲಿಯನ್ ಜೇನಿನ ಗೇಟು ತುಡುವೆಗೆ ಆಗುವುದಿಲ್ಲ, ತುಡುವೆ ರಾಣಿ ಅದರಲ್ಲಿ ನುಸುಳಿ ಹೋಗುತ್ತದೆ.

ರಾಣಿಯ ರೆಕ್ಕೆ ಕತ್ತರಿಸಬಹುದೇ?

ಬೇಡ. ರಾಣಿ ನೆಲಕ್ಕೆ ಬಿದ್ದು ಇರುವೆಗೆ ಆಹಾರವಾಗುತ್ತದೆ, ಪಾಲು ಒಂದು ವಾರ ತಡವಾಗಿ ಕನ್ಯೆ ರಾಣಿಯೊಂದಿಗೆ ಹೇಗೂ ಹೋಗುತ್ತದೆ.

ಹಾಗಾದರೆ ನಾವೇ ಪಾಲು ಮಾಡುವುದು ಹೇಗೆ?

ನನ್ನ ಮಟ್ಟಿಗೆ ಈ ಇಡೀ ಪುಟದಲ್ಲಿ ಮುಖ್ಯವಾದ ಉತ್ತರ ಇದು.

ಕುಟುಂಬ ಎಲ್ಲ ಚೌಕಟ್ಟುಗಳಲ್ಲಿ ತುಂಬಿರಬೇಕು, ಗಂಡು ನೊಣಗಳು ಹಾರುತ್ತಿರಬೇಕು, ಕೆಳಗೆ ರಾಣಿ ಕೋಶ ಇರಬೇಕು, ಮುಚ್ಚಳ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಒಳ್ಳೆ ಬಿಸಿಲಿರುವ ದಿನ ಬೆಳಗ್ಗೆ ಹೊಸ ಪೆಟ್ಟಿಗೆಯ ಒಳಗೋಡೆಗೆ ಸ್ವಲ್ಪ ಮೇಣ ತಿಕ್ಕಿ ಸಿದ್ಧ ಮಾಡಿಕೊಳ್ಳಿ. ಹೊಗೆ ತಿದಿಯಿಂದ ಹಗುರವಾಗಿ ಹೊಗೆ ಕೊಟ್ಟು ಒಂದೊಂದೇ ಎರಿ ಎತ್ತಿ ರಾಣಿಯನ್ನು ಹುಡುಕಿ. ರಾಣಿ ಇರುವ ಎರಿಯನ್ನು ನೊಣಗಳ ಸಮೇತ ಹೊಸ ಪೆಟ್ಟಿಗೆಗೆ ಇಡಿ. ಅದರ ಜೊತೆ ಮುಚ್ಚಿದ ಮರಿಗಳಿರುವ ಒಂದು ಎರಿ, ಜೇನು-ಪರಾಗ ಇರುವ ಒಂದು ಎರಿ. ಈ ಮೂರರಲ್ಲಿ ಒಂದೂ ರಾಣಿ ಕೋಶ ಇರಬಾರದು, ಇದ್ದರೆ ಕಿತ್ತುಬಿಡಿ. ಪಕ್ಕದಲ್ಲಿ ಖಾಲಿ ಚೌಕಟ್ಟು ಕೊಡಿ, ರಾಣಿಗೆ ಮತ್ತೆ ಮೊಟ್ಟೆ ಇಡುವ ಉಮೇದು ಬರಲಿ.

ಹಳೆಯ ಪೆಟ್ಟಿಗೆ ಹಳೆಯ ಜಾಗದಲ್ಲೇ ಇರಲಿ. ಅದರಲ್ಲಿ ದೊಡ್ಡದಾಗಿ, ನೇರವಾಗಿ ಬೆಳೆದ ಒಂದು ಕೋಶ ಉಳಿಸಿ. ಹೆಚ್ಚೆಂದರೆ ಎರಡು. ಉಳಿದದ್ದನ್ನೆಲ್ಲ ತೆಗೆಯಿರಿ, ಇಲ್ಲದಿದ್ದರೆ ಅಲ್ಲಿಂದ ಎರಡನೆಯ ಪಾಲು ಹೋಗುತ್ತದೆ. ಕೋಶವಿರುವ ಎರಿಯನ್ನು ಒದರಬೇಡಿ, ತಲೆಕೆಳಗು ಮಾಡಬೇಡಿ, ಒಳಗಿನ ಎಳೆಯ ರಾಣಿಗೆ ಪೆಟ್ಟಾಗುತ್ತದೆ.

ಹೊಸ ಪೆಟ್ಟಿಗೆಯನ್ನು ತೋಟದ ಇನ್ನೊಂದು ಮೂಲೆಗೆ ಒಯ್ದರೆ ಹೊರಗೆ ದುಡಿಯುವ ನೊಣಗಳು ಹಳೆಯ ಜಾಗಕ್ಕೇ ಹಿಂತಿರುಗುತ್ತವೆ. ಹಳೆ ರಾಣಿಯ ಬಳಿ ಎಳೆಯ ನೊಣಗಳಷ್ಟೇ ಉಳಿಯುತ್ತವೆ, ಪಾಲಿನ ಬಿಸಿ ಆರಿಹೋಗುತ್ತದೆ. ಆದರೆ ಕೆಲವು ದಿನ ಅದಕ್ಕೆ ತಿನ್ನಲು ತರುವವರಿಲ್ಲ, ಆದ್ದರಿಂದ ಸಕ್ಕರೆ ಪಾಕ ಕೊಡಿ, ಬಾಗಿಲು ಕಿರಿದು ಮಾಡಿ. ನೊಣ ತೀರ ಕಡಿಮೆ ಎನಿಸಿದರೆ ಹಳೆಯ ಪೆಟ್ಟಿಗೆಯ ಮರಿ ಎರಿಯೊಂದರಿಂದ ನೊಣಗಳನ್ನು ಇದರೊಳಗೆ ಒದರಿ, ಆದರೆ ರಾಣಿ ಕೋಶ ಇರುವ ಎರಿಯಿಂದಲ್ಲ. ಎರಡೂ ಸಮನಾಗಿರಬೇಕು ಎಂದಿದ್ದರೆ ಹಳೆಯ ಜಾಗವನ್ನು ಮಧ್ಯೆ ಬಿಟ್ಟು ಒಂದೊಂದು ಅಡಿ ಎಡಕ್ಕೊಂದು ಬಲಕ್ಕೊಂದು ಇಡಿ. ಯಾವುದಕ್ಕೆ ನೊಣ ಹೆಚ್ಚು ನುಗ್ಗುತ್ತದೋ ಅದನ್ನು ಇನ್ನಷ್ಟು ದೂರ ಸರಿಸಿ. ಎರಡು-ಮೂರು ಕಿಲೋಮೀಟರ್ ಆಚೆಯ ನೆಂಟರ ತೋಟಕ್ಕೆ ಒಯ್ಯುವುದಾದರೆ ಈ ಯಾವ ತಲೆಬಿಸಿಯೂ ಇಲ್ಲ.

ಇನ್ನು ಕಾಯುವ ಕೆಲಸ. ಕೋಶದ ತುದಿಯ ಮೇಣ ತೆಗೆದು ಕಂದು ಬಣ್ಣ ಕಾಣುತ್ತಿದೆ ಎಂದರೆ ರಾಣಿ ಒಂದೆರಡು ದಿನದಲ್ಲಿ ಬರುತ್ತದೆ. ಬಂದ ಮೇಲೆ ಕೋಶದ ತುದಿ ದುಂಡಗೆ ಕತ್ತರಿಸಿ ಮುಚ್ಚಳ ಬಾಗಿಲಿನಂತೆ ತೂಗುತ್ತಿರುತ್ತದೆ. ಪಕ್ಕದಲ್ಲಿ ಹರಿದಿದ್ದರೆ ಒಳಗಿನ ರಾಣಿಯನ್ನು ಇನ್ನೊಂದು ರಾಣಿಯೋ ನೊಣಗಳೋ ಕೊಂದಿವೆ. ಆಮೇಲೆ ಎರಡು ವಾರ ಪೆಟ್ಟಿಗೆ ಬಿಚ್ಚಬೇಡಿ. ಕನ್ಯೆ ರಾಣಿ ಮಧ್ಯಾಹ್ನದ ಮೇಲೆ ಹಾರಿ ಹೋಗಿ ಕೂಡಿ ಬರುತ್ತದೆ, ಆಗ ಪೆಟ್ಟಿಗೆ ಅಲುಗಾಡಿಸಿದರೆ, ಜಾಗ ಬದಲಿಸಿದರೆ, ಅದು ಮನೆ ತಪ್ಪುತ್ತದೆ. ಒಂದೇ ಸಾಲಿನಲ್ಲಿ ಒಂದೇ ಬಣ್ಣದ ಪೆಟ್ಟಿಗೆಗಳಿದ್ದರೂ ಹೀಗಾಗುತ್ತದೆ, ಬಾಗಿಲುಗಳ ದಿಕ್ಕು ಬೇರೆ ಬೇರೆ ಇರಲಿ. ಎರಡು ವಾರದ ಮೇಲೆ ಕಣಕ್ಕೊಂದರಂತೆ ತಳದಲ್ಲಿ ಮೊಟ್ಟೆ ಕಂಡರೆ ಗೆದ್ದಿರಿ. ಒಂದೇ ಕಣದಲ್ಲಿ ಮೂರು-ನಾಲ್ಕು ಮೊಟ್ಟೆ ಗೋಡೆಗೆ ಅಂಟಿಕೊಂಡಿದ್ದರೆ ಅದು ಕೆಲಸಗಾರ ನೊಣದ್ದು.

ಒಂದು ಎಚ್ಚರಿಕೆ. ಮರಿಗಳು ಮುಚ್ಚಳ ಬೀಳುವ ಮುಂಚೆ ಚೀಲದಂತಾಗಿ ಸತ್ತು ನಿಂತಿರುವ ಕುಟುಂಬದಿಂದ ಎರಿ ತೆಗೆದು ಬೇರೆಡೆ ಕೊಡಬೇಡಿ. ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಬಳಿದುಕೊಂಡು ಹೋದ ವೈರಸ್ ರೋಗ ಅದೇ. ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದ ಆ ಕಾಲವನ್ನು ಹಿರಿಯರು ಇವತ್ತಿಗೂ ಮರೆತಿಲ್ಲ.

ನನಗೆ ಹೆಚ್ಚು ಕುಟುಂಬ ಬೇಡ, ಜೇನು ಬೇಕು. ಆಗ?

ನವೆಂಬರಿನಲ್ಲೇ ಪಾಲು ಮಾಡಿ. ಹೊಸ ರಾಣಿ ಬಂದ ಕುಟುಂಬ ಫೆಬ್ರವರಿ ಹೊತ್ತಿಗೆ ತುಂಬಿಕೊಂಡಿರುತ್ತದೆ, ಎಳೆಯ ರಾಣಿಯಾದ್ದರಿಂದ ಆ ಸುಗ್ಗಿಯಲ್ಲಿ ಪಾಲಿನ ಗೋಜಿಗೆ ಹೋಗುವುದು ಕಡಿಮೆ. ಹೆಚ್ಚಾದ ಪೆಟ್ಟಿಗೆಯನ್ನು ಮಾರಿ, ಅಥವಾ ಹೂವಿನ ಮುಂಚೆ ಹಳೆಯ ರಾಣಿಯನ್ನು ತೆಗೆದು ಎರಡನ್ನೂ ಒಂದರ ಮೇಲೊಂದಿಟ್ಟು ನಡುವೆ ಸಣ್ಣ ತೂತುಗಳಿರುವ ದಿನಪತ್ರಿಕೆಯ ಹಾಳೆ ಹಾಸಿ ಒಂದುಗೂಡಿಸಿ. ಹಾಳೆ ಕಡಿದು ಮುಗಿಸುವಷ್ಟರಲ್ಲಿ ಎರಡರ ವಾಸನೆ ಬೆರೆತಿರುತ್ತದೆ, ಜಗಳ ಇರುವುದಿಲ್ಲ.

ಒಂದು ಕುಟುಂಬ ವರ್ಷಕ್ಕೆ ಎರಡು ಮೂರು ಸಲ ಪಾಲಾಗುತ್ತದೆ, ಇನ್ನೊಂದು ಆಗುವುದೇ ಇಲ್ಲ. ಯಾಕೆ?

ವಂಶದ ಗುಣ. ನಾಲ್ಕು ಎರಿ ತುಂಬುವಷ್ಟರಲ್ಲಿ ಕೋಶ ಕಟ್ಟುವ ಕುಟುಂಬದಿಂದಲೇ ನಾವು ಸುಲಭಕ್ಕೆ ಸಿಕ್ಕಿತೆಂದು ಪಾಲು ಮಾಡುತ್ತ ಹೋದರೆ ನಮ್ಮ ತೋಟದಲ್ಲಿ ಆ ಗುಣವೇ ತುಂಬಿಕೊಳ್ಳುತ್ತದೆ. ದೊಡ್ಡದಾಗಿ ಬೆಳೆದು, ಜೇನು ಕೊಟ್ಟು, ಸೌಮ್ಯವಾಗಿದ್ದು, ರೋಗ ತಾಳಿಕೊಂಡ ಕುಟುಂಬದ ಕೋಶವನ್ನು ಉಳಿದವಕ್ಕೆ ಕೊಡಬೇಕು. ಕೋಶವನ್ನು ಸುತ್ತಲಿನ ಒಂದಿಂಚು ಎರಿಯ ಸಮೇತ ಕತ್ತರಿಸಿ, ರಾಣಿ ತೆಗೆದ ಪೆಟ್ಟಿಗೆಯ ಎರಿಗೆ ಸಿಕ್ಕಿಸಿದರೆ ಸಾಕು. ಅದೇ ಕಾರಣಕ್ಕೆ ಒಳ್ಳೆಯ ಕುಟುಂಬದ ಗಂಡು ಮರಿಗಳನ್ನು ಕತ್ತರಿಸಿ ಹಾಕಬೇಡಿ, ಊರಿನ ಹೊಸ ರಾಣಿಗಳಿಗೆಲ್ಲ ಗಂಡು ಬೇಕಲ್ಲ.

ಪೆಟ್ಟಿಗೆ ಪೂರ್ತಿ ಖಾಲಿಯಾಗಿದೆ. ಇದೂ ಪಾಲೇ?

ಅಲ್ಲ, ಅದು ಪೆಟ್ಟಿಗೆ ಬಿಟ್ಟು ಓಡಿಹೋಗಿರುವುದು. ಪಾಲಾದರೆ ಹಿಂದೆ ನೊಣ, ಮರಿ, ಕೋಶ ಇರುತ್ತವೆ. ಖಾಲಿ ಎರಿ ಮಾತ್ರ ಇದ್ದರೆ ಹಸಿವು, ಇರುವೆ, ಮೇಣದ ಹುಳು, ಕಣಜದ ಕಾಟ, ನೇರ ಬಿಸಿಲು ಇವುಗಳಲ್ಲಿ ಕಾರಣ ಹುಡುಕಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದೀರಾ, ಅದರಲ್ಲಿ ನೀರಿದೆಯೇ ಎಂಬುದರಿಂದ ಶುರು ಮಾಡಿ.

ಹಾರಿದ ಪಾಲನ್ನು ಹಿಡಿಯಬಹುದೇ?

ಹಿಡಿಯಬಹುದು. ಹೊರಟ ಪಾಲು ಮೊದಲು ಹತ್ತಿರದ ಕೊಂಬೆಯಲ್ಲಿ ಗೊಂಚಲಾಗಿ ಕೂರುತ್ತದೆ. ಪತ್ತೇದಾರ ನೊಣಗಳು ಪೊಟರೆ ಹುಡುಕಿ ಬಂದು ಗೊಂಚಲಿನ ಮೇಲೆಯೇ ಕುಣಿದು ದಿಕ್ಕು, ದೂರ ಹೇಳುತ್ತವೆ. ಜರ್ಮನಿಯ ಮಾರ್ಟಿನ್ ಲಿಂಡಾವರ್ 1949ರಲ್ಲಿ ಹೀಗೆ ಕುಣಿಯುವ ನೊಣಗಳ ಮೈಗೆ ಮಸಿ, ಇಟ್ಟಿಗೆ ಧೂಳು ಮೆತ್ತಿರುವುದನ್ನು ಗಮನಿಸಿ, ಇವು ಹೂವಿನಿಂದ ಬಂದವಲ್ಲ, ಮನೆ ಹುಡುಕಿ ಬಂದವು ಎಂದು ಕಂಡುಕೊಂಡರು. ಅವುಗಳಲ್ಲಿ ಒಮ್ಮತ ಮೂಡುವ ತನಕ ನಿಮಗೆ ಸಮಯವಿದೆ, ಕೆಲವೊಮ್ಮೆ ಒಂದೆರಡು ಗಂಟೆ, ಕೆಲವೊಮ್ಮೆ ಮರುದಿನದವರೆಗೆ.

ತಟ್ಟೆ ಬಡಿದು ಪ್ರಯೋಜನವಿಲ್ಲ. ಮಳೆಯಂತೆ ನೀರು ಚಿಮುಕಿಸಿದರೆ ಗೊಂಚಲು ಗಟ್ಟಿಯಾಗಿ ಕೂರುತ್ತದೆ. ಬುಟ್ಟಿಯನ್ನೋ ಬಟ್ಟೆ ಚೀಲವನ್ನೋ ಕೆಳಗೆ ಹಿಡಿದು ಕೊಂಬೆಯನ್ನು ಒಮ್ಮೆ ಜೋರಾಗಿ ಒದರಿ, ರಾಣಿ ಬಿದ್ದರೆ ಉಳಿದವು ತಾವೇ ಬರುತ್ತವೆ. ಸಂಜೆ ಪೆಟ್ಟಿಗೆಗೆ ಹಾಕಿ. ಬೇರೆ ಆರೋಗ್ಯವಂತ ಕುಟುಂಬದಿಂದ ಎಳೆ ಮರಿ ಇರುವ ಒಂದು ಎರಿ ಕೊಟ್ಟರೆ ಅದನ್ನು ಬಿಟ್ಟು ಹೋಗಲು ಅವಕ್ಕೆ ಮನಸ್ಸು ಬರುವುದಿಲ್ಲ. ಕ್ವೀನ್ ಗೇಟ್ ಮೂರು ದಿನ ಇರಲಿ. ತೋಟದ ಮರಗಳಲ್ಲಿ ಒಳಗೆ ಮೇಣ ಸವರಿದ ಹಳೆಯ ಮಡಕೆ ಕಟ್ಟಿಡುವ ಹಿರಿಯರ ಕ್ರಮ ಇಂದಿಗೂ ಒಳ್ಳೆಯದೇ. ತಪ್ಪಿಸಿಕೊಂಡ ಪಾಲು ಅಲ್ಲಿಯಾದರೂ ಸಿಗುತ್ತದೆ.

ಇಟಾಲಿಯನ್ ಜೇನಿಗೂ ಇದೇ ಕ್ರಮವೇ?

ತತ್ವ ಒಂದೇ, ಆದರೆ ಅದು ಹತ್ತು ಚೌಕಟ್ಟಿನ ದೊಡ್ಡ ಪೆಟ್ಟಿಗೆಯಲ್ಲಿ ಇರುವುದರಿಂದ ಇನ್ನೊಂದು ಉಪಾಯ ನಡೆಯುತ್ತದೆ. ಅಮೆರಿಕದ ಜಾರ್ಜ್ ಡೆಮರಿ 1892ರಲ್ಲಿ ಪ್ರಕಟಿಸಿದ ಕ್ರಮ ಅದು. ರಾಣಿಯನ್ನು ಒಂದು ಮರಿ ಎರಿ ಮತ್ತು ಖಾಲಿ ಎರಿಗಳೊಂದಿಗೆ ಕೆಳಗಿನ ಕೋಣೆಯಲ್ಲಿ ಬಿಟ್ಟು, ಮೇಲೆ ರಾಣಿ ತಡೆ ಜಾಲರಿ ಇಟ್ಟು, ಉಳಿದ ಮರಿ ಎರಿಗಳನ್ನೆಲ್ಲ ಎಲ್ಲಕ್ಕಿಂತ ಮೇಲಿನ ಕೋಣೆಗೆ ಸಾಗಿಸುವುದು. ಒಂದು ವಾರ ಬಿಟ್ಟು ಮೇಲೆ ಕಟ್ಟ ಹೊರಟ ರಾಣಿ ಕೋಶಗಳನ್ನು ತೆಗೆಯಬೇಕು. ಕುಟುಂಬ ಒಡೆಯದೆ ರಾಣಿಗೆ ಜಾಗ ಸಿಗುತ್ತದೆ, ದುಡಿಯುವ ನೊಣ ಅಷ್ಟೂ ಉಳಿಯುತ್ತದೆ. ತುಡುವೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ಅದರ ಕುಟುಂಬಕ್ಕೆ ಅಷ್ಟು ಕೋಣೆಗಳನ್ನು ಕಾಯುವ ಬಲವಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಿ ಕಲಿಯುವುದು ಎಲ್ಲಿ?

ಕೊಡಗಿನ ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ಜೇನು ಕೃಷಿ ತರಬೇತಿ ಕೇಂದ್ರ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೇನು ಕೃಷಿ ವಿಭಾಗವಿದೆ. ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರ ಸಂಘವಿದೆ. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ತರಬೇತಿಯ ದಿನಾಂಕ ವಿಚಾರಿಸಿ. ಆಯ್ಕೆ ನಿಮ್ಮದಾಗಿದ್ದರೆ ಮಳೆ ಬಿಟ್ಟ ಮೇಲಿನ ತಿಂಗಳುಗಳನ್ನೇ ಕೇಳಿ. ಆಗ ಪೆಟ್ಟಿಗೆ ಬಿಚ್ಚಿದರೆ ಗಂಡು ಮರಿ, ಮೊಟ್ಟೆ ಬಿದ್ದ ಬಟ್ಟಲು, ಮುಚ್ಚಿದ ಕೋಶ ಮೂರೂ ಒಂದೇ ಎರಿಯಲ್ಲಿ ನೋಡಲು ಸಿಗುತ್ತವೆ.